ಬೋರ್ಡೋ ಊರಿನಲ್ಲಿ ಬಾಟಲಿ ಕೊಂಡ ಕಥೆ

ಬೋರ್ಡೋ ಅಂದ ಕೂಡಲೇ ನಮ್ಮ ಮಲೆನಾಡಿನವರಿಗೆ ನೆನಪಾಗುವುದು ಊರಲ್ಲ, ಮೈಲುತುತ್ತ! ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಇದೇ ಬೋರ್ಡೋ ದ್ರಾವಣ. ಮಳೆಗಾಲ ಹಿಡಿಯುವ ಮೊದಲು ಅಡಿಕೆ ಗೊನೆಗಳಿಗೆ ಇದನ್ನು ಹೊಡೆಸದಿದ್ದರೆ ಕೊಳೆರೋಗ ಬಂದು ಕಾಯೆಲ್ಲ ಉದುರಿ ಹೋಗುತ್ತದೆ. ಸಾಗರದ ಸೀಮೆಯಲ್ಲಿ ಹುಟ್ಟಿ ಬೆಳೆದ ನಾನು, ಅದು ಯಾವುದೋ ಔಷಧಿ ಕಂಪನಿಯ ಹೆಸರಿರಬೇಕು ಅಂದುಕೊಂಡೇ ನಲವತ್ತು ವರ್ಷ ಕಳೆದಿದ್ದೆ. ಅದು ಫ್ರಾನ್ಸ್ ದೇಶದ ಒಂದು ಊರು, ಆ ಊರಿಗೆ ನನ್ನ ಮಗಳು ಓದಲು ಹೋಗುತ್ತಾಳೆ, ಅವಳ ಹಿಂದೆ ನಾನೂ ಹೋಗಿ ಬರುತ್ತೇನೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಹೋಗಿದ್ದು 2025ರ ಸೆಪ್ಟೆಂಬರಿನಲ್ಲಿ, ಹದಿನೆಂಟು ದಿನಕ್ಕೆ. ಟಿಕೆಟ್ಟಿನ ದುಡ್ಡು ಮಗಳೇ ಕೂಡಿಟ್ಟದ್ದು. ನಮ್ಮ ಯಜಮಾನರಿಗೆ ಅಂಗಡಿ ಬಿಟ್ಟು ಬರುವ ಹಾಗಿರಲಿಲ್ಲ. ಎಸ್ಸೆಸ್ಸೆಲ್ಸಿಯವರೆಗೆ ಓದಿದ ನಾನು, ಎದೆ ಡವಡವ ಹೊಡೆದುಕೊಳ್ಳುತ್ತಿದ್ದರೂ ತೋರಿಸಿಕೊಳ್ಳದೆ, ಒಬ್ಬಳೇ ವಿಮಾನ ಹತ್ತಿದೆ. ಪ್ಯಾರಿಸ್ಸಿನಲ್ಲಿ ಮಗಳು ಬಂದು ಕಾದಿದ್ದಳು. ಅಲ್ಲಿಂದ ಬೋರ್ಡೋಗೆ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ. ಕಿಟಕಿಯ ಪಕ್ಕ ಕೂತು ಕೋಡುಬಳೆ ತಿನ್ನುತ್ತ ಹೋದೆವು. ಐನೂರು ಕಿಲೋಮೀಟರ್ ದಾಟಿದ್ದೇ ತಿಳಿಯಲಿಲ್ಲ.

ಚಂದಿರನ ಆಕಾರದ ಊರು

ಬೋರ್ಡೋ ಊರು ಗರೋನ್ ಎಂಬ ನದಿಯ ದಂಡೆಯ ಮೇಲಿದೆ. ನದಿ ಅಲ್ಲಿ ಬಿದಿಗೆ ಚಂದ್ರನ ಹಾಗೆ ಬಾಗುತ್ತದೆ. ಅದಕ್ಕೇ ಹಳೆಯ ಕಾಲದಿಂದ ಇದನ್ನು ಚಂದ್ರನ ಬಂದರು ಅನ್ನುತ್ತಾರೆ. 2007ರಲ್ಲಿ ಯುನೆಸ್ಕೋದವರು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದಾರೆ. ನದಿಯ ನೀರು ಮಾತ್ರ ನಮ್ಮ ಮಳೆಗಾಲದ ಶರಾವತಿಯಂತೆ ಕೆಂಚು ಕೆಂಚು. ಅದರ ಮೇಲೆ 1822ರಲ್ಲಿ ತೆರೆದ ಹದಿನೇಳು ಕಮಾನಿನ ಕಲ್ಲಿನ ಸೇತುವೆ. ನೆಪೋಲಿಯನ್ ಬೋನಪಾರ್ಟ್ ಎಂಬ ಹೆಸರಿನಲ್ಲಿ ಅವರ ಲಿಪಿಯಲ್ಲಿ ಹದಿನೇಳು ಅಕ್ಷರ, ಅದಕ್ಕೇ ಹದಿನೇಳು ಕಮಾನು ಎಂದು ಊರಿನವರು ಹೇಳುತ್ತಾರಂತೆ. ಊರೊಳಗೆ ಟ್ರಾಮ್ ಓಡುತ್ತದೆ, ಆದರೆ ಊರಿನ ನಡುವೆ ಮೇಲೆ ತಂತಿಯೇ ಇಲ್ಲ! ಹಳೆಯ ಕಟ್ಟಡಗಳ ಅಂದ ಕೆಡಬಾರದೆಂದು ವಿದ್ಯುತ್ತನ್ನು ಕೆಳಗೆ ಹಳಿಗಳ ನಡುವೆಯೇ ಹಾಯಿಸಿದ್ದಾರೆ. ನಮ್ಮ ಪೇಟೆ ಬೀದಿಯ ತಂತಿಯ ಜಾಲ ಕಣ್ಣ ಮುಂದೆ ಬಂತು.

ನನ್ನ ಮಗಳು ಇರುವುದು ಒಂದು ಹಳೆಯ ಮನೆಯ ಮಹಡಿಯ ಕೋಣೆಯಲ್ಲಿ. ಕೆಳಗೆ ಮನೆಯ ಒಡತಿ, ಎಪ್ಪತ್ತು ದಾಟಿದ ವಿಧವೆ, ಒಬ್ಬರೇ ಇದ್ದಾರೆ. ಅವರನ್ನು ಮದಾಮ್ ಎಂದೇ ಕರೆಯುತ್ತೇನೆ. ಹಿಂದಿನ ಫೆಬ್ರವರಿಯಲ್ಲಿ ಮಗಳಿಗೆ ವಿಪರೀತ ಜ್ವರ ಬಂದಾಗ, ನಾನು ಇಲ್ಲಿ ಫೋನು ಹಿಡಿದು ಅಳುತ್ತಿದ್ದಾಗ, ಐದು ದಿನ ಮೂರು ಹೊತ್ತೂ ಮೆಟ್ಟಿಲು ಹತ್ತಿ ಹೋಗಿ ತರಕಾರಿ ಸಾರು ಕುಡಿಸಿದವರು ಅವರೇ. ಮೊಣಕಾಲು ನೋವಿರುವ ಹೆಂಗಸು! ಆ ಋಣ ತೀರಿಸಲೆಂದೇ ನಾನು ಹಸೆ ಚಿತ್ತಾರ ಬರೆದ ಬುಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿ ತೆಗೆದುಕೊಂಡು ಹೋಗಿದ್ದೆ.

ಹೋದ ಮೂರನೇ ದಿನ ಮದಾಮ್ ನಮ್ಮಿಬ್ಬರನ್ನೂ ಮುಂದಿನ ಶನಿವಾರ ಊಟಕ್ಕೆ ಕರೆದರು. ನಾವು ಮಾಂಸ ತಿನ್ನುವುದಿಲ್ಲ ಎಂದು ತಿಳಿದೇ ಕರೆದರು. ಮಗಳು ರಾತ್ರಿ ಮಲಗುವಾಗ ಮೆಲ್ಲಗೆ ಹೇಳಿದಳು: “ಅಮ್ಮಾ, ಇಲ್ಲಿ ಊಟಕ್ಕೆ ಹೋಗುವಾಗ ಹೂವೋ ಚಾಕೊಲೇಟೋ ಒಂದು ಬಾಟಲಿ ವೈನೋ ತಗೊಂಡು ಹೋಗ್ತಾರೆ. ಮದಾಮ್‌ಗೆ ಕೆಂಪು ವೈನ್ ಅಂದ್ರೆ ಇಷ್ಟ. ನಾನೇ ತಂದ್ಬಿಡ್ತೀನಿ, ನೀನು ಬರೋದು ಬೇಡ.”

ನೀನು ಬರೋದು ಬೇಡ ಎಂದು ಅವಳು ಏಕೆ ಹೇಳಿದಳೆಂದು ನನಗೆ ಗೊತ್ತಿತ್ತು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ, ತೋಟಕ್ಕೆ ಬೋರ್ಡೋ ಹೊಡೆಸಲೆಂದು ಅಮ್ಮ ಬಳೆ ಅಡವಿಟ್ಟು ತಂದ ಹಣವನ್ನು ಅಪ್ಪ ಸಾರಾಯಿ ಅಂಗಡಿಗೆ ಕೊಟ್ಟು ಬಂದರು. ಆ ವರ್ಷ ಮಳೆ ಬಿಡಲೇ ಇಲ್ಲ. ಕೊಳೆ ಬಂತು. ಮರದ ಬುಡದಲ್ಲಿ ಕೊಳೆತ ಹಸಿ ಅಡಿಕೆಯನ್ನು ಬುಟ್ಟಿಗಟ್ಟಲೆ ಹೆಕ್ಕಿ ಎಸೆದದ್ದು ಈಗಲೂ ಮೂಗಿಗೆ ಬರುತ್ತದೆ. ಮರುವರ್ಷ ಸಾಲ, ಅದರ ಮುಂದಿನ ವರ್ಷ ಎರಡೆಕರೆ ತೋಟವೇ ಹೋಯಿತು. ನನ್ನ ಓದೂ ಎಸ್ಸೆಸ್ಸೆಲ್ಸಿಗೆ ನಿಂತಿತು. ಬಾಟಲಿ ಎನ್ನುವುದನ್ನು ನಾನು ಕೈಯಲ್ಲಿ ಮುಟ್ಟುವುದಿಲ್ಲ ಎಂದು ಅಂದೇ ಅಂದುಕೊಂಡೆ. ಮದುವೆಯಾದ ಮೇಲೂ ನಮ್ಮ ಮನೆಗೆ ಅದು ಬಂದಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಎದ್ದವಳೇ ಹೇಳಿದೆ: “ನಿನ್ನ ಜ್ವರಕ್ಕೆ ಸಾರು ಮಾಡಿದವರಿಗೆ ಕೊಡೋ ವಸ್ತು. ನಾನೇ ಆರಿಸ್ತೀನಿ. ಆದರೆ ಗೊತ್ತಿಲ್ಲದೆ ಏನನ್ನೂ ಕೊಳ್ಳಲ್ಲ. ಮೊದಲು ನನಗೆ ತಿಳಿಸಿಕೊಡು.”

ಸೀರೆ ಅಂಗಡಿಗೆ ಹೋದರೂ ಸೆರಗು ಬಿಡಿಸಿ ನೋಡದೆ ಕೊಳ್ಳುವ ಅಭ್ಯಾಸ ನಮಗಿಲ್ಲವಲ್ಲ!

ಕುಡಿಯದೆ ಕಲಿತದ್ದು

ಮೊದಲ ದಿನ ಹೋದದ್ದು ನದಿಯ ದಂಡೆಯ ಮೇಲಿರುವ ವೈನಿನ ವಸ್ತುಸಂಗ್ರಹಾಲಯಕ್ಕೆ. 2016ರಲ್ಲಿ ಕಟ್ಟಿ ಮುಗಿಸಿದ್ದು. ಲೋಟದೊಳಗೆ ಸುತ್ತುವ ವೈನಿನ ಹಾಗೆ ಇಡೀ ಕಟ್ಟಡವೇ ತಿರುಚಿಕೊಂಡು ನಿಂತಿದೆ. ಎಂಟನೇ ಮಹಡಿಯಲ್ಲಿ ನಿಂತರೆ ಊರೆಲ್ಲ ಕಾಣುತ್ತದೆ. ಅಲ್ಲಿ ಟಿಕೆಟ್ಟಿನ ಜೊತೆಗೇ ಒಂದು ಲೋಟ ವೈನ್ ಕೊಡುತ್ತಾರೆ. ನನ್ನಂಥವರಿಗೆ ದ್ರಾಕ್ಷಿ ರಸ ಕೊಟ್ಟರು. ಏಕೆ ಕುಡಿಯುವುದಿಲ್ಲ ಎಂದು ಯಾರೂ ಕೇಳಲಿಲ್ಲ.

ಅಲ್ಲಿ ತಿಳಿದ ಮೊದಲ ಸಂಗತಿ ಕೇಳಿ. ಕಪ್ಪು ದ್ರಾಕ್ಷಿಯ ರಸಕ್ಕೂ ಹೆಚ್ಚುಕಡಿಮೆ ಬಣ್ಣವೇ ಇರುವುದಿಲ್ಲವಂತೆ. ಕೆಂಪು ಬರುವುದು ಸಿಪ್ಪೆಯಿಂದ. ದ್ರಾಕ್ಷಿಯನ್ನು ಸಿಪ್ಪೆ ಸಮೇತ ಹಿಂಡಿ ಬಿಟ್ಟರೆ, ನಮ್ಮ ದೋಸೆ ಹಿಟ್ಟು ಹುಳಿ ಬಂದು ಉಬ್ಬುವ ಹಾಗೆ ಅದೂ ಹುದುಗುತ್ತದೆ. ಹಣ್ಣಿನ ಸಕ್ಕರೆ ಮದ್ಯವಾಗುತ್ತದೆ. ಅಷ್ಟು ದಿನ ಸಿಪ್ಪೆಯ ಜೊತೆ ಇದ್ದ ರಸಕ್ಕೆ ಬಣ್ಣದ ಜೊತೆಗೆ ಒಗರೂ ಇಳಿಯುತ್ತದೆ. ಈ ಒಗರನ್ನು ಅವರು ಟ್ಯಾನಿನ್ ಅನ್ನುತ್ತಾರೆ. ಮಗಳು ಏನೇನೋ ಹೇಳಿ ತಿಳಿಸಲು ನೋಡಿದಳು. ನಾನು ಅಂದೆ, “ಇದೇನು ಹೊಸದಾ? ನಮ್ಮ ಅಡಿಕೆ ಬೇಯಿಸಿದ ಚೊಗರೇ ಅಲ್ವಾ?” ಅವಳು ಹುಡುಕಿ ನೋಡಿ ಬೆರಗಾದಳು. ಅಡಿಕೆ ಚೊಗರಿನಲ್ಲಿರುವುದೂ ಅದೇ ಜಾತಿಯ ಒಗರು!

ಎರಡನೆಯದು ದ್ರಾಕ್ಷಿಯ ಜಾತಿ. ಬೋರ್ಡೋದ ಕೆಂಪು ವೈನಿಗೆ ಮುಖ್ಯವಾಗಿ ಎರಡು ದ್ರಾಕ್ಷಿ. ನದಿಯ ಎಡದಂಡೆಯ ಮೆದೊಕ್ ಸೀಮೆಯ ಗರಸು ನೆಲದಲ್ಲಿ ಕಾಬರ್ನೆ ಸೋವಿನ್ಯೋಂ ಹೆಚ್ಚು. ಇದರ ಸಿಪ್ಪೆ ದಪ್ಪ, ಒಗರು ಜಾಸ್ತಿ, ಹಲವು ವರ್ಷ ಇಟ್ಟು ಮಾಗಿದರೇ ರುಚಿ. ಬಲದಂಡೆಯ ಜೇಡಿ ಮತ್ತು ಸುಣ್ಣಕಲ್ಲಿನ ನೆಲದಲ್ಲಿ ಮರ್ಲೋ ಹೆಚ್ಚು. ಇದು ಮೆದು, ಬೇಗ ಹಣ್ಣಾಗುತ್ತದೆ, ಎಳೆಯದಾಗಿಯೇ ಕುಡಿಯಲು ಹಿತವಂತೆ. ಎರಡನ್ನೂ ಬೆರೆಸಿ ಮಾಡುವುದೇ ಅಲ್ಲಿನ ರೂಢಿ, ನಾವು ಕಾಫಿಪುಡಿಗೆ ಎರಡು ಬಗೆಯ ಬೀಜ ಹಾಕಿಸುವ ಹಾಗೆ. ಈ ಕಾಬರ್ನೆ ಈಗ ನಮ್ಮ ನಂದಿಬೆಟ್ಟದ ತಪ್ಪಲಿನಲ್ಲೂ ಬೆಳೆಯುತ್ತಿದೆ.

ಮೂರನೆಯದನ್ನು ಓದಿ ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ನಮ್ಮ ಬೋರ್ಡೋ ದ್ರಾವಣದ ಕಥೆ! ಈ ಮೆದೊಕ್ ಸೀಮೆಯಲ್ಲಿ, ದಾರಿಹೋಕರು ಹಣ್ಣು ಕದಿಯಬಾರದೆಂದು ರಸ್ತೆಯ ಪಕ್ಕದ ಬಳ್ಳಿಗಳಿಗೆ ನೀಲಿ ಮೈಲುತುತ್ತವನ್ನು ಸುಣ್ಣದ ಜೊತೆ ಕಲಸಿ ಬಳಿಯುತ್ತಿದ್ದರಂತೆ. ಸುತ್ತಮುತ್ತ ಬಳ್ಳಿಗಳೆಲ್ಲ ಬೂಷ್ಟು ರೋಗಕ್ಕೆ ಎಲೆ ಉದುರಿಸಿ ನಿಂತಾಗ ಬಳಿದ ಬಳ್ಳಿಗಳು ಮಾತ್ರ ಹಸಿರಾಗಿದ್ದವು. ಇದನ್ನು ಬೋರ್ಡೋದ ಪ್ರಾಧ್ಯಾಪಕ ಮಿಲಾರ್ದೆ ಗಮನಿಸಿ, ಪರೀಕ್ಷೆ ಮಾಡಿ, 1885ರಲ್ಲಿ ಲೋಕಕ್ಕೆ ತಿಳಿಸಿದರು. ಆಮೇಲೆ ಇಪ್ಪತ್ತೈದು ವರ್ಷದಲ್ಲಿ ಅದು ನಮ್ಮ ಮಲೆನಾಡಿಗೆ ಬಂತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಅದನ್ನು ಹೊಡೆಸಿ ತೋರಿಸಿದರು.

ನಮ್ಮ ತೋಟಗಳನ್ನು ಇಷ್ಟು ವರ್ಷ ಕಾಪಾಡಿದ ಮದ್ದು ಹುಟ್ಟಿದ್ದು ವೈನಿನ ಬಳ್ಳಿಯ ಬುಡದಲ್ಲಿ. ಅಪ್ಪ ಕುಡಿದದ್ದು ಆ ಮದ್ದಿನ ದುಡ್ಡನ್ನು. ಈ ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಬಳ್ಳಿಯ ಊರಿಗೆ

ಮಾರನೇ ದಿನ ಸೇಂತ್ ಎಮಿಲಿಯೋಂ ಎಂಬ ಹಳ್ಳಿಗೆ ಹೋದೆವು. ರೈಲಿನಲ್ಲಿ ಅರ್ಧ ಗಂಟೆಗೆ ಸ್ವಲ್ಪ ಹೆಚ್ಚು. ನಿಲ್ದಾಣದಿಂದ ಹಳ್ಳಿಗೆ ಬಳ್ಳಿಗಳ ನಡುವೆ ನಡೆದೇ ಹೋಗಬೇಕು. ನಮ್ಮ ಕಡೆಯಂತೆ ಚಪ್ಪರವಿಲ್ಲ. ಸೊಂಟದೆತ್ತರದ ಬಳ್ಳಿಗಳು, ಸಾಲಾಗಿ ಬೈತಲೆ ತೆಗೆದ ಹಾಗೆ. ಸಾಮಾನ್ಯವಾಗಿ ಅವಕ್ಕೆ ನೀರು ಹಾಯಿಸುವಂತಿಲ್ಲ, ಮಳೆ ಬಂದಷ್ಟೇ. ಕೆಲವು ಸಾಲುಗಳ ತುದಿಯಲ್ಲಿ ಒಂದೊಂದು ಗುಲಾಬಿ ಗಿಡ. ಅಂದಕ್ಕೆ ಎಂದುಕೊಂಡಿದ್ದೆ. ರೋಗ ಬಂದರೆ ಮೊದಲು ಗುಲಾಬಿಗೆ ಬರುತ್ತದೆ, ರೈತ ಎಚ್ಚರವಾಗುತ್ತಾನೆ ಎಂಬುದು ಅಲ್ಲಿನ ಹಳೆಯ ಲೆಕ್ಕ.

ಅದು ಮರ್ಲೋ ಕೊಯ್ಲಿನ ಕಾಲ. ಹೆಣ್ಣಾಳು ಗಂಡಾಳು ಬಗ್ಗಿ ಗೊಂಚಲು ಕತ್ತರಿಸುತ್ತಿದ್ದರು. ಒಬ್ಬ ಹೆಂಗಸು ಸೊಂಟಕ್ಕೆ ಕೈಕೊಟ್ಟು ನೆಟ್ಟಗಾದದ್ದು ನೋಡಿ, ಭತ್ತದ ಗದ್ದೆಯಲ್ಲಿ ನಾಟಿ ಮಾಡುವ ನಮ್ಮೂರಿನ ಹೆಂಗಸರೇ ಕಂಡಂತಾಯಿತು. ನಾನು ನಕ್ಕೆ, ಅವಳೂ ನಕ್ಕಳು.

ಹಳ್ಳಿಯಲ್ಲಿ ಸುಣ್ಣಕಲ್ಲಿನ ಬಂಡೆಯನ್ನೇ ಕೊರೆದು ಮಾಡಿದ ದೊಡ್ಡ ಚರ್ಚು ಇದೆ, ಸುಮಾರು ಒಂಬೈನೂರು ವರ್ಷದ್ದು. ಒಳಗೆ ನಿಂತರೆ ಬಾದಾಮಿಯ ಗುಹೆಗಳ ನೆನಪು. ನೆಲದಡಿಯ ಕಲ್ಲುಗಣಿಯ ಸುರಂಗಗಳಲ್ಲಿ ಬೇಸಿಗೆಯಲ್ಲೂ ತಂಪು, ಅಲ್ಲೇ ವೈನ್ ಮಾಗಿಸುತ್ತಾರೆ. ಮಾಗಿಸುವುದು 225 ಲೀಟರಿನ ಓಕ್ ಮರದ ಪೀಪಾಯಿಯಲ್ಲಿ. ಒಂದು ಪೀಪಾಯಿಗೆ ಮುನ್ನೂರು ಬಾಟಲಿ. ಹೊಸ ಪೀಪಾಯಿಯೊಂದಕ್ಕೆ ನೂರಾರು ಯೂರೋ ಬೆಲೆ. ಬಾಟಲಿಯ ಬೆಲೆ ಏರುವುದಕ್ಕೆ ಇದೂ ಒಂದು ಕಾರಣ.

ಇಲ್ಲೊಂದು ಮಾತು, ಶುದ್ಧ ಸಸ್ಯಾಹಾರಿ ಸೋದರಿಯರಿಗೆ. ಕೆಂಪು ವೈನನ್ನು ತಿಳಿಯಾಗಿಸಲು ಪೀಪಾಯಿಗೆ ಐದಾರು ಮೊಟ್ಟೆಯ ಬಿಳಿ ಹಾಕುವುದು ಅಲ್ಲಿನ ಹಳೆಯ ಪದ್ಧತಿ. ಬಿಳಿ ವೈನಿಗೆ ಹೋದರೆ, ಉಳಿದ ಹಳದಿಯಿಂದ ಹುಟ್ಟಿದ್ದು ಬೋರ್ಡೋದ ಪ್ರಸಿದ್ಧ ಕನಲೆ ಎಂಬ ಸಿಹಿ ಎಂದು ಹೇಳುತ್ತಾರೆ. ನಮ್ಮ ಗೃಹಿಣಿಯರ ಹಾಗೇ, ಏನನ್ನೂ ಎಸೆಯುವ ಜನ ಅಲ್ಲ ಅವರು! ಆದರೆ ಕನಲೆಗೆ ರಮ್ಮನ್ನೂ ಹಾಕುತ್ತಾರೆ, ಕೇಳಿ ತಿನ್ನಿ. ಮೊಟ್ಟೆ ಬಳಸದೆ ಮಾಡಿದ ವೈನೂ ಸಿಗುತ್ತದೆ. ಬಾಟಲಿಯ ಮೇಲೆ ವೀಗನ್ ಎಂದು ಬರೆದಿರುತ್ತದೆ.

ಕಿಸೆಗೆ ತಕ್ಕ ಬಾಟಲಿ

ಇನ್ನು ಅಂಗಡಿಯ ವಿಷಯ. ನಿಮ್ಮ ಮಕ್ಕಳೂ ಹೊರದೇಶದಲ್ಲಿರಬಹುದು, ನಿಮಗೂ ಒಂದು ದಿನ ಇಂಥ ಉಡುಗೊರೆ ಕೊಳ್ಳುವ ಪ್ರಸಂಗ ಬರಬಹುದು. ನಾನು ತಿಳಿದದ್ದನ್ನು ಬರೆಯುತ್ತೇನೆ. ಒಂದು ಯೂರೋಗೆ ಸುಮಾರು ನೂರು ರೂಪಾಯಿ ಲೆಕ್ಕ ಹಿಡಿಯಿರಿ.

ಐದಾರು ಯೂರೋದ ಬಾಟಲಿಯ ಮೇಲೆ ಬರೀ ಬೋರ್ಡೋ ಎಂದಿರುತ್ತದೆ. ಇಡೀ ಸೀಮೆಯ ಯಾವ ಮೂಲೆಯ ದ್ರಾಕ್ಷಿಯಾದರೂ ಇರಬಹುದು. ದಿನದ ಊಟಕ್ಕೆ, ಅಡಿಗೆಗೆ ಸಾಕು. ಇದನ್ನು ಎರಡು ಮೂರು ವರ್ಷದ ಒಳಗಿನದನ್ನೇ ಕೊಳ್ಳಬೇಕು. ಹಳೆಯದಾದಷ್ಟೂ ಒಳ್ಳೆಯದು ಎಂಬ ಮಾತು ಈ ಬೆಲೆಯ ವೈನಿಗೆ ಸಲ್ಲುವುದಿಲ್ಲ.

ಎಂಟರಿಂದ ಹದಿನೈದು ಯೂರೋ ಒಳಗೆ ಬೋರ್ಡೋ ಸುಪೀರಿಯರ್ ಎನ್ನುವುದು ಸಿಗುತ್ತದೆ. ಇದಕ್ಕೆ ಇಳುವರಿ ಕಡಿಮೆ, ಮಾಗಿಸುವುದು ಹೆಚ್ಚು ದಿನ. ಇದೇ ಬೆಲೆಗೆ ಬ್ಲಾಯ್, ಕಸ್ತಿಯೋಂ ಎಂಬ ಗುಡ್ಡದ ಸೀಮೆಯ ವೈನೂ, ಸೇಂತ್ ಎಮಿಲಿಯೋಂ ಪಕ್ಕದ ಲ್ಯೂಸಾಕ್, ಮೊಂತಾನ್ಯ್ ಎಂಬ ನೆರೆಹಳ್ಳಿಗಳ ವೈನೂ ಸಿಗುತ್ತವೆ. ದ್ರಾಕ್ಷಿ ಅದೇ, ನೆಲವೂ ಹೆಚ್ಚುಕಡಿಮೆ ಅಂಥದ್ದೇ, ಹೆಸರು ಮಾತ್ರ ಚಿಕ್ಕದು. ಪೇಟೆಯ ಮುಖ್ಯ ಬೀದಿ ಬಿಟ್ಟು ಒಳಬೀದಿಯ ಅಂಗಡಿಯಲ್ಲಿ ಅದೇ ಸೀರೆ ಕಡಿಮೆಗೆ ಸಿಗುವುದಿಲ್ಲವೇ? ಹಾಗೆ. ಕೊಟ್ಟ ದುಡ್ಡಿಗೆ ಹೆಚ್ಚು ಸರಕು ಸಿಗುವುದು ಇಲ್ಲೇ ಎಂದು ನನಗೆ ಕಂಡಿತು.

ಇಪ್ಪತ್ತರಿಂದ ನಲವತ್ತರಲ್ಲಿ ಹೆಸರಾದ ಹಳ್ಳಿಗಳ ವೈನ್ ಬರುತ್ತದೆ. ಸೇಂತ್ ಎಮಿಲಿಯೋಂ ಗ್ರಾಂ ಕ್ರು, ಎಡದಂಡೆಯ ಓ ಮೆದೊಕ್ ಇತ್ಯಾದಿ. ಇಲ್ಲೊಂದು ಜೋಪಾನ. ಗ್ರಾಂ ಕ್ರು ಎಂದಿದ್ದರೆ ಒಂದು ದರ್ಜೆ, ಅದರ ಮುಂದೆ ಕ್ಲಾಸೆ ಎಂಬ ಮಾತೂ ಇದ್ದರೆ ಬೇರೆಯೇ ಮೇಲಿನ ದರ್ಜೆ. ಗ್ರಾಂ ವ್ಯಾಂ ಎಂದು ದೊಡ್ಡದಾಗಿ ಬರೆದಿರುವುದು ಯಾವ ದರ್ಜೆಯೂ ಅಲ್ಲ. ನಮ್ಮಲ್ಲಿ ಡಬ್ಬದ ಮೇಲೆ ಸ್ಪೆಷಲ್ ಎಂದು ಬರೆದ ಹಾಗೆ!

ಅದರ ಮೇಲಿನದು ನಮ್ಮ ಲೆಕ್ಕಕ್ಕೆ ಸಿಗದ ಲೋಕ. 1855ರಲ್ಲಿ ಪ್ಯಾರಿಸ್ಸಿನ ಪ್ರದರ್ಶನಕ್ಕಾಗಿ ದಲ್ಲಾಳಿಗಳು ಆಗಿನ ಮಾರುಕಟ್ಟೆ ಬೆಲೆ ನೋಡಿ ಮೆದೊಕ್ಕಿನ ತೋಟಗಳನ್ನು ಐದು ದರ್ಜೆ ಮಾಡಿದರು. ನಮ್ಮ ಮಂಡಿಯಲ್ಲಿ ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸುವುದಿಲ್ಲವೇ, ಹಾಗೆ. ವ್ಯತ್ಯಾಸ ಇಷ್ಟೇ, ನಮ್ಮ ಅಡಿಕೆ ಪ್ರತಿ ವರ್ಷ ಹೊಸದಾಗಿ ತನ್ನ ದರ್ಜೆ ಗಳಿಸಬೇಕು. ಅವರದು ನೂರಾ ಎಪ್ಪತ್ತು ವರ್ಷವಾದರೂ ಹೆಚ್ಚುಕಡಿಮೆ ಹಾಗೇ ಇದೆ. 1973ರಲ್ಲಿ ಮೂತೋಂ ರೋಥ್‌ಶಿಲ್ಡ್ ಎಂಬ ಒಂದೇ ತೋಟಕ್ಕೆ ಎರಡರಿಂದ ಒಂದಕ್ಕೆ ಬಡ್ತಿ ಸಿಕ್ಕಿತು. ಗಾಜಿನ ಬೀರುವಿನಲ್ಲಿ ಬೀಗ ಹಾಕಿಟ್ಟ ಒಂದು ಬಾಟಲಿಗೆ ಆರುನೂರು ಯೂರೋ ಚೀಟಿ ಅಂಟಿಸಿದ್ದರು. ಅರವತ್ತು ಸಾವಿರ! ನಾನು ಬೀರುವಿನಿಂದ ಒಂದು ಹೆಜ್ಜೆ ಹಿಂದೆ ಸರಿದು, ಸೆರಗು ಬಿಗಿದು ಕಟ್ಟಿಕೊಂಡೆ.

ಎರಡು ಯೂರೋ ಚಿಲ್ಲರೆಯ ಬಾಟಲಿಗಳೂ ಇದ್ದವು. ಇಷ್ಟು ಅಗ್ಗ ಹೇಗೆ ಎಂದೆ. ಮಗಳು ಹೇಳಿದ್ದು ಕೇಳಿ ಮನಸ್ಸು ಪಿಚ್ಚೆಂದಿತು. ಜನ ಕೆಂಪು ವೈನ್ ಕುಡಿಯುವುದು ಕಡಿಮೆಯಾಗಿ, ಸರಕು ಮಿಕ್ಕು, ಸಣ್ಣ ಬೆಳೆಗಾರರಿಗೆ ಹಾಕಿದ ದುಡ್ಡೂ ಹುಟ್ಟುತ್ತಿಲ್ಲವಂತೆ. 2023ರಲ್ಲಿ ಹೆಕ್ಟೇರಿಗೆ 6,000 ಯೂರೋ ಪರಿಹಾರ ಕೊಟ್ಟು ಬಳ್ಳಿಯನ್ನೇ ಬುಡಸಹಿತ ಕೀಳಿಸುವ ಯೋಜನೆ ಬಂತು. ಬೆಲೆ ಬಿದ್ದಾಗ ಕೋಲಾರದವರು ಟೊಮೆಟೊ ರಸ್ತೆಗೆ ಸುರಿಯುವುದನ್ನು ಟಿ.ವಿ.ಯಲ್ಲಿ ನೋಡಿದ್ದೇವಲ್ಲ. ತೋಟ ಕಳೆದುಕೊಂಡ ಮನೆಯ ಮಗಳು ನಾನು. ಆ ಎರಡು ಯೂರೋ ಬಾಟಲಿಯ ಕಡೆಗೆ ಕೈ ಹೋಗಲಿಲ್ಲ.

ಅಂಗಡಿಯ ಹುಡುಗಿ ಮೂರೇ ಪ್ರಶ್ನೆ ಕೇಳಿದಳು. ಯಾರಿಗೆ? ಯಾವ ಊಟದ ಜೊತೆ? ಎಷ್ಟರೊಳಗೆ? ಈ ಮೂರಕ್ಕೆ ಉತ್ತರ ಗೊತ್ತಿದ್ದರೆ ಸಾಕು ಎಂದು ನನಗೆ ಆಗ ಹೊಳೆಯಿತು. ವಯಸ್ಸಾದ ಒಬ್ಬ ತಾಯಿಗೆ. ಆಲೂಗಡ್ಡೆ, ಕೆನೆ, ಚೀಸಿನ ಊಟದ ಜೊತೆ, ಮಾಂಸವಿಲ್ಲ. ಹದಿನೈದು ಯೂರೋ ಒಳಗೆ. ಒಗರು ಹೆಚ್ಚಿರುವ ಕಾಬರ್ನೆಗೆ ಮಾಂಸದ ಊಟವೇ ಹೊಂದುವುದು, ನಿಮ್ಮ ಊಟಕ್ಕೆ ಮೆದುವಾದ ಮರ್ಲೋ ಇರಲಿ ಎಂದು ಹೇಳಿ ಅವಳು ಮೂರು ಬಾಟಲಿ ಮುಂದಿಟ್ಟಳು.

ನಾನು ಕನ್ನಡಕ ಹಾಕಿಕೊಂಡು ಚೀಟಿ ಓದಿದೆ. ಮೊದಲು ಊರಿನ ಹೆಸರು. ಆಮೇಲೆ ವರ್ಷ. 2019, 2020, 2022 ಅಲ್ಲಿ ಒಳ್ಳೆಯ ಬೆಳೆಯ ವರ್ಷಗಳು. ಆಮೇಲೆ, ತೋಟದಲ್ಲೇ ಬಾಟಲಿಗೆ ತುಂಬಿದ್ದು ಎಂಬ ಮಾತು. ಶಾತೋ ಎಂದಿದ್ದರೆ ಅರಮನೆಯೇ ಇರಬೇಕೆಂದಿಲ್ಲ, ತೋಟದ ಮನೆ ಎಂದಷ್ಟೇ ಅರ್ಥ. ಮೂಲೆಯಲ್ಲಿ ಒಂದು ಪುಟ್ಟ ಚಿತ್ರ ಕಂಡಿತು, ಬಸುರಿ ಹೆಂಗಸಿನ ಮೇಲೆ ಅಡ್ಡಗೆರೆ. ಬಸುರಿಯರು ಕುಡಿಯಬಾರದೆಂದು 2007ರಿಂದ ಅಲ್ಲಿ ಕಡ್ಡಾಯ. ಅದೇ 2007ರ ಜುಲೈಯಲ್ಲಿ ನಮ್ಮ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅಷ್ಟು ಹೊತ್ತಿಗೆ ಅಪ್ಪ ಹೋಗಿ ಮೂರು ವರ್ಷವಾಗಿತ್ತು.

ಮೊಂತಾನ್ಯ್ ಹಳ್ಳಿಯ, 2020ರ, ಹದಿಮೂರು ಯೂರೋದ ಬಾಟಲಿಯನ್ನು ತೋರಿಸಿದೆ. ಮಗಳು ಎತ್ತಿಕೊಳ್ಳಲು ಹೋದಳು. “ಇರು” ಎಂದು ನಾನೇ ಎರಡೂ ಕೈಯಿಂದ ಎತ್ತಿಕೊಂಡೆ. ನಾನಂದುಕೊಂಡದ್ದಕ್ಕಿಂತ ಭಾರವಿತ್ತು. ಯಜಮಾನರಿಗೆ ಫೋನಿನಲ್ಲಿ ಹೇಳಿದರೆ, “ಸಾವಿರದ ಮುನ್ನೂರಾ! ಅದರಲ್ಲಿ ಎರಡು ಡಬ್ಬ ತುಪ್ಪ ಬರ್ತಿತ್ತಲ್ಲೇ” ಎಂದರು.

ಶನಿವಾರದ ಊಟ

ಶನಿವಾರ ರಾತ್ರಿ ಇಳಕಲ್ ಸೀರೆ ಉಟ್ಟು ಕೆಳಗೆ ಹೋದೆ. ಬುಟ್ಟಿಯನ್ನು ಮದಾಮ್ ತಿರುಗಿಸಿ ತಿರುಗಿಸಿ ನೋಡಿ ಕೆನ್ನೆಗೆ ಒತ್ತಿಕೊಂಡರು. ಬಾಟಲಿಯ ಚೀಟಿ ಓದಿ, ತಲೆ ಆಡಿಸಿ, ಏನೋ ಮೆಚ್ಚುಗೆ ಹೇಳಿ, ನೇರವಾಗಿ ಒಳಗೆ ಹೋಗಿ ಇಟ್ಟು ಬಂದರು. ಮೇಜಿನ ಮೇಲೆ ಬಂದದ್ದು ಅವರದೇ ಬೇರೆ ಬಾಟಲಿ! ನನಗೆ ಮುಖಕ್ಕೆ ಹೊಡೆದಂತಾಯಿತು. ಇಷ್ಟೆಲ್ಲ ಮಾಡಿ ತಂದದ್ದು ಅವರಿಗೆ ಒಗ್ಗಲಿಲ್ಲವೋ ಏನೋ ಎಂದು ಕಣ್ಣು ತುಂಬಿತು. ಮಗಳು ಕಿವಿಯಲ್ಲಿ ಹೇಳಿದಳು, “ಅಮ್ಮಾ, ಊಟಕ್ಕೆ ತಕ್ಕದ್ದನ್ನ ಅವರು ಮೊದಲೇ ತೆಗೆದಿಟ್ಟಿರ್ತಾರೆ. ತಂದದ್ದನ್ನ ಆಗಲೇ ತೆರೆಯದೇ ಇರೋದು ಇಲ್ಲಿ ಮಾಮೂಲು.” ಮದಾಮ್‌ಗೆ ನನ್ನ ಮುಖ ಅರ್ಥವಾಯಿತೆಂದು ತೋರುತ್ತದೆ. ಕೈ ಹಿಡಿದು ಹೇಳಿದರು, ಮಗಳು ಕನ್ನಡ ಮಾಡಿದಳು: “ನಿನ್ನ ಮಗಳು ಪರೀಕ್ಷೆ ಪಾಸಾದ ದಿನ ಅದನ್ನು ತೆರೆಯುತ್ತೇನೆ.”

ಕುಂಬಳಕಾಯಿಯ ಸಾರು, ಕೆನೆ ಹಾಕಿ ಬೇಯಿಸಿದ ಆಲೂಗಡ್ಡೆ, ಸೊಪ್ಪು, ರೊಟ್ಟಿ, ಮೂರು ಬಗೆಯ ಚೀಸು. ನನಗೆ ಲೋಟದಲ್ಲಿ ದ್ರಾಕ್ಷಿ ರಸ ಬಂತು. ಮದಾಮ್ ತಮ್ಮ ಲೋಟಕ್ಕೆ ಎರಡು ಬೆರಳು ಹಾಕಿಕೊಂಡು ಊಟದುದ್ದಕ್ಕೂ ಅದನ್ನೇ ಗುಟುಕು ಗುಟುಕು ಕುಡಿದರು. ಗಂಡನ ಮಾತು ಹೇಳಿದರು, ಮೊಮ್ಮಕ್ಕಳ ಮಾತು ಹೇಳಿದರು. ಅವರ ದನಿ ಏರಲಿಲ್ಲ. ನಾನು ಮಾತ್ರ ಕದ್ದು ಕದ್ದು ಬಾಟಲಿಯನ್ನೇ ನೋಡುತ್ತಿದ್ದೆ, ಎಲ್ಲಿಗೆ ಬಂತು ಎಂದು. ಚಿಕ್ಕಂದಿನ ಅಭ್ಯಾಸ.

ಊಟ ಮುಗಿಯಿತು. ಬಾಟಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಮದಾಮ್ ಎದ್ದು, ಬಿರಡೆಯನ್ನು ಒತ್ತಿ ಹಾಕಿ, ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಇಟ್ಟು ಬಾಗಿಲು ಹಾಕಿದರು. ಎರಡು ಮೂರು ದಿನ ಇರುತ್ತದಂತೆ.

ಅಷ್ಟೇ. ಆದರೆ ನಾನು ಅದನ್ನು ನೋಡುತ್ತ ಕೂತೇ ಇದ್ದೆ. ಅರ್ಧ ಉಳಿದ ಬಾಟಲಿಯನ್ನು ನಾನು ನನ್ನ ತವರಿನಲ್ಲಿ ಒಂದು ದಿನವೂ ಕಂಡಿರಲಿಲ್ಲ.

ಇದನ್ನು ಓದಿ, ವೈನ್ ಒಳ್ಳೆಯದು ಎಂದು ಈಕೆ ಹೇಳುತ್ತಾಳೆ ಎಂದು ಯಾರೂ ತಿಳಿಯಬೇಡಿ. ಅಲ್ಲೂ ಕುಡಿತದಿಂದ ಹಾಳಾದ ಮನೆಗಳಿವೆ. 2015ರ ಒಂದೇ ವರ್ಷದಲ್ಲಿ ಫ್ರಾನ್ಸಿನಲ್ಲಿ ಮದ್ಯದಿಂದ ಸತ್ತವರು 41,000 ಎಂದು ಅವರ ಆರೋಗ್ಯ ಇಲಾಖೆಯವರೇ ಲೆಕ್ಕ ಕೊಟ್ಟಿದ್ದಾರೆ. ದಿನಕ್ಕೊಂದು ಲೋಟ ಕೆಂಪು ವೈನ್ ಹೃದಯಕ್ಕೆ ಒಳ್ಳೆಯದೆಂಬ ಮಾತು ಹಿಂದೆ ಇತ್ತು. ಎಷ್ಟು ಕಡಿಮೆ ಕುಡಿದರೂ ಅಪಾಯವಿಲ್ಲ ಎನ್ನುವ ಹಾಗಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ನಮ್ಮ ಮನೆಗೆ ಬಾಟಲಿ ಮೊದಲೂ ಬಂದಿಲ್ಲ, ಇನ್ನು ಮೇಲೂ ಬರುವುದಿಲ್ಲ. ಆದರೆ ಇನ್ನೊಬ್ಬರ ಮನೆಗೆ ಉಡುಗೊರೆ ಒಯ್ಯುವಾಗ ನಮ್ಮ ಇಷ್ಟಕ್ಕಿಂತ ಅವರ ಇಷ್ಟ ಮುಖ್ಯ. ಅದು ಯಾವ ವಸ್ತುವಾದರೂ ಸರಿ, ಕೇಳಿ ತಿಳಿದು, ಕಿಸೆ ನೋಡಿಕೊಂಡು ಆರಿಸುವ ಜಾಣತನ ನಮ್ಮ ಹೆಣ್ಣುಮಕ್ಕಳಿಗೆ ಹೊಸದಲ್ಲ.

ಊರಿಗೆ ಬಂದ ಮೇಲೆ ತಮ್ಮನ ಮನೆಗೆ ಹೋಗಿ ಅಮ್ಮನಿಗೆ ಎಲ್ಲ ಹೇಳಿದೆ. ಬಾಟಲಿ ಎತ್ತಿಕೊಂಡದ್ದನ್ನೂ ಮುಚ್ಚಿಡಲಿಲ್ಲ. ಅಮ್ಮ ಕವಳದ ತಟ್ಟೆ ಪಕ್ಕಕ್ಕಿಟ್ಟು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು:

“ಅರ್ಧ ಉಳಿಸಿ ಮುಚ್ಚಿಟ್ಟರು ಅಂದ್ಯಲ್ಲ, ಖರೆನಾ?”

“ಖರೆ ಅಮ್ಮ. ಹಾಲಿನ ಪಕ್ಕದಲ್ಲಿ ಇಟ್ಟರು.”

ಅಮ್ಮ ಬಳೆಯಿಲ್ಲದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, “ಅಂಥದ್ದೂ ಇರ್ತದೆ ಹಂಗಾದ್ರೆ” ಅಂದಳು. ಮತ್ತೆ ಅಡಿಕೆ ಕತ್ತರಿಸತೊಡಗಿದಳು.